ಎಡಗೈಯ ಶಿಲುಬೆ

"ಸತ್ತಿರೋ ಗಂಡನ್ನ ಇನ್ನೆಷ್ಟು ದಪ ಹುಡುಕ್ಕಂಡ್ ಬತ್ತೀಯಮ್ಮ ನೀನು? ಸಾಯೇಬ್ರು ಕೇಳ್ತಾವ್ರೆ," ಎಂದ ದುಭಾಷಿ ಜಖಾರ್.

ಸಾಹೇಬ ಕೇಳಿದ್ದು ಇಷ್ಟೇ ಅಲ್ಲ. ಹಿಂದೊಂದು ಮುಂದೊಂದು ಬೈಗುಳವೂ ಇತ್ತು. ಅದನ್ನು ಜಖಾರ್ ನುಂಗಿಕೊಂಡರೂ ತೆಕ್ಲಾಳಿಗೆ ಅರ್ಥವಾಯಿತು. ಕೆನಡಾಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಈ ದೇಶದ ಭಾಷೆಯಲ್ಲಿ ಅವಳಿಗೆ ಮೊದಲು ಬಂದದ್ದೇ ಬೈಗುಳ.

ಹೊಲದಿಂದ ಪಟ್ಟಣಕ್ಕೆ ಇಪ್ಪತ್ತೆರಡು ಮೈಲಿ. ಬೂಟು ಸವೆದೀತೆಂದು ಕೈಯಲ್ಲಿ ಹಿಡಿದು ಏಪ್ರಿಲ್ ತಿಂಗಳ ಕೊರೆಯುವ ಕೆಸರಿನಲ್ಲಿ ಬರಿಗಾಲಲ್ಲೇ ನಡೆದು, ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ ಕಾಲು ಒರೆಸಿ ಹಾಕಿಕೊಂಡಿದ್ದಳು. ಆದರೂ ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡ.

"ಸಾಯೇಬ್ರಿಗೆ ಬೆಳ್ಳುಳ್ಳಿ ವಾಸ್ನೆ ಆಗಾಕಿಲ್ವಂತೆ. ಒಸಿ ಹಿಂದಕ್ ನಿಂತ್ಕೊ."

ಅವಳು ಹಿಂದೆ ಸರಿದಳು. ಇದೇ ಜಖಾರನ ಹೆಂಡತಿ ಬೆಳ್ಳುಳ್ಳಿ ಇಲ್ಲದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ. ಅವನೂ ಅವಳ ಕಡೆಯ ಗಲೀಷಿಯಾದವನೇ, ಒಂದೇ ಹಡಗಿನಲ್ಲಿ ಬಂದವನೇ. ನಾಲ್ಕಕ್ಷರ ಕಲಿತು, ಮೀಸೆ ಬೋಳಿಸಿ, ಕೋಟು ಹಾಕಿಕೊಂಡ ಮೇಲೆ ಅವನ ಮೂಗೂ ಸಾಹೇಬರ ಮೂಗಾಗಿತ್ತು.

"ಸತ್ತಿಲ್ಲ ಅಂತ ಹೇಳಣ್ಣ," ಎಂದಳು ತೆಕ್ಲಾ. "ಯುದ್ದದಾಗೆ ಹಿಡ್ಕಂಡೋಗಿ ಬೇಲಿ ಒಳಗ್ ಹಾಕಿದ್ರಲ್ಲ, ಆ ಒನುಫ್ರಿ. ಬೇಲಿ ಕಿತ್ತು ವರ್ಷ ಆಯ್ತು. ಎಲ್ರೂ ಬಂದ್ರು. ಇವ ಬರ್ನಿಲ್ಲ."

ಬಂದವರು ಬಂದಿದ್ದರು, ಒಬ್ಬ ಕೆಮ್ಮುತ್ತ, ಇನ್ನೊಬ್ಬ ಎರಡು ಬೆರಳು ಕಳೆದುಕೊಂಡು. ಗಲೀಷಿಯಾವನ್ನು ಆಳುತ್ತಿದ್ದ ಯಾವ ಚಕ್ರವರ್ತಿಯ ಕಾಟಕ್ಕೆ ಊರು ಬಿಟ್ಟು ಓಡಿಬಂದಿದ್ದರೋ, ಅದೇ ಚಕ್ರವರ್ತಿಯ ಕಡೆಯ ಶತ್ರುಗಳೆಂದು ಅವರನ್ನು ಇಲ್ಲಿ ಹಿಡಿದು ಮುಳ್ಳುತಂತಿಯ ಬೇಲಿ ಹಾಕಿದ ಶಿಬಿರಗಳಲ್ಲಿ ಕೂಡಿದ್ದರು. ಹಿಡಿದವರಿಂದ ಕಾಡು ಕಡಿಸಿದರು, ರಸ್ತೆ ಮಾಡಿಸಿದರು. ಆ ರಸ್ತೆಯಲ್ಲಿ ಈಗ ಸಾಹೇಬರ ಮೋಟಾರುಗಳು ಓಡುತ್ತವೆ.

ಸಾಹೇಬ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಡಿದ.

"ನೀನು ಬರೆಸಿದ ಅರ್ಜಿಗೆ ಮ್ಯಾಲಿಂದ ಉತ್ರ ಬಂದೈತೆ," ಎಂದ ಜಖಾರ್, ಅವಳ ಮುಖ ನೋಡದೆ. "ಹದಿನಾರನೇ ಇಸವಿ ಜನಗಣತೀಲಿ ನಿಮ್ಮನೇಲಿ ಇದ್ದೋರು ಮೂರು ಜನ. ತೆಕ್ಲಾ, ಇಪ್ಪತ್ತೇಳು ವರ್ಷ, ಗಂಡ ಸತ್ತೋನು. ಎಲ್ಡು ಹೆಣ್ಮಕ್ಳು. ನೀನೇ ಬಾಯಾರೆ ಹೇಳಿ ಬರ್ಸಿರೋದು."

ಅದು ನಿಜ. ಅವಳೇ ಹೇಳಿದ್ದಳು.

ಅವಳು ಬಿಟ್ಟುಬಂದ ಊರಲ್ಲಿ ತಲೆ ಎಣಿಸುವವನು ಬಂದರೆ ಹಿಂದೆಯೇ ದಂಡಿಗೆ ಎಳೆದೊಯ್ಯುವವನು ಬರುತ್ತಿದ್ದ. ಅದಕ್ಕೇ ಅವಳ ಅಜ್ಜಿ, ಅವ್ವ, ಊರಿನ ಹೆಂಗಸರೆಲ್ಲ ಒಂದು ಉಪಾಯ ಮಾಡಿಕೊಂಡಿದ್ದರು. ಬೆಳೆದ ಗಂಡಸನ್ನು ಹುಲ್ಲಿನಲ್ಲಿ ಹುಗಿಸಿ, ತಲೆಗೆ ಕಪ್ಪು ವಸ್ತ್ರ ಕಟ್ಟಿ, ದೇವರ ಪಟದ ಕೆಳಗೆ ಸತ್ತವರಿಗೆ ಹಚ್ಚುವ ಮೇಣದ ಬತ್ತಿ ಹಚ್ಚಿ ಕೂತುಬಿಡುವುದು. ಬತ್ತಿ ನೋಡಿದ ಮೇಲೆ ಎಣಿಸುವವನು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ.

ಆ ವರ್ಷ ಒನುಫ್ರಿ ಕೂಲಿಗೆಂದು ದೂರದ ಕಾಡಿಗೆ ಹೋಗಿ ಶತ್ರುದೇಶದವರೆಲ್ಲ ತಿಂಗಳಿಗೊಮ್ಮೆ ಪೊಲೀಸರೆದುರು ತೋರಿಸಬೇಕಿದ್ದ ಚೀಟಿಯನ್ನು ಎರಡು ತಿಂಗಳು ತೋರಿಸಿರಲಿಲ್ಲ. ಸಿಕ್ಕರೆ ಬೇಲಿಯೊಳಗೆ ನೂಕುವುದು ಖಂಡಿತ. ಗಣತಿಯವನು ಬರುತ್ತಿರುವುದನ್ನು ಕಂಡವಳೇ ತೆಕ್ಲಾ ಗಂಡನನ್ನು ಆಲೂಗಡ್ಡೆ ಹಗೇವಿಗೆ ಇಳಿಸಿ, ಕಪ್ಪು ವಸ್ತ್ರ ಕಟ್ಟಿ, ಬತ್ತಿ ಹಚ್ಚಿದಳು. ಬಂದ ಗಣತಿಯವನು ಇದೇ ಜಖಾರ್. ಬೆಂಚಿನ ಕೆಳಗೆ ಹಸಿ ಕೆಸರು ಮೆತ್ತಿದ್ದ ಗಂಡಸಿನ ಬೂಟುಗಳನ್ನು ನೋಡಿದ. ಬತ್ತಿಯನ್ನೂ ನೋಡಿದ. ಆಗಿನ್ನೂ ಇದ್ದ ಮೀಸೆಯಡಿ ನಕ್ಕು, 'ಗಂಡ ಸತ್ತೋನು' ಎಂದು ಬರೆದುಕೊಂಡು, ಹೋಗುವಾಗ ಮೊಟ್ಟೆಯಿಡುವ ಕೋಳಿಯೊಂದನ್ನು ಹಿಡಿಸಿಕೊಂಡು ಹೋದ. ಮೂರೇ ವಾರಕ್ಕೆ ಒನುಫ್ರಿ ಉಪ್ಪು ತರಲು ಹೋದವನು ದಾರಿಯಲ್ಲೇ ಸಿಕ್ಕಿಬಿದ್ದ.

"ಅವತ್ತು ಸುಳ್ಳು ಹೇಳಿದ್ದೆ ಅಂತ ಹೇಳಣ್ಣ," ಎಂದಳು.

ಜಖಾರ್ ಏನು ಹೇಳಿದನೋ, ಸಾಹೇಬ ಹುಬ್ಬು ಹಾರಿಸಿ ನಕ್ಕ. ದಪ್ಪನೆಯ ಇನ್ನೊಂದು ಪುಸ್ತಕ ತೆಗೆದು ಒಂದು ಕಡೆ ಬೆರಳಿಟ್ಟ.

"ಇದು ಬೇಲಿಯೋರ ಪುಸ್ತಕ. ಇದ್ರಾಗೆ ಒಬ್ಬ ಒನುಫ್ರಿ ಅವ್ನೆ. ಆದ್ರೆ ಅವನಿಗೆ ಹೆಂಡ್ತಿ ಇಲ್ಲ, ಮಕ್ಳಿಲ್ಲ, ಹೊಲ ಇಲ್ಲ, ಹಿಂದಿಲ್ಲ ಮುಂದಿಲ್ಲ. ಅವನೇ ಹಂಗಂತ ಬರ್ಸಿ ಗುರುತು ಹಾಕವ್ನೆ. ನಿನ್ ಗಂಡ ಬ್ಯಾರೆ ಇರ್ಬೇಕು ಬಿಡು."

"ಗುರುತು ತೋರ್ಸು ಅನ್ನು."

ಬೆಳ್ಳುಳ್ಳಿ ವಾಸನೆಯನ್ನು ಮರೆತು ಅವಳು ಮೇಜಿನ ಮೇಲೆ ಬಗ್ಗಿದ್ದಳು. ಅಕ್ಷರ ಬಾರದ ಅವರ ಕಡೆಯವರೆಲ್ಲ ಸಹಿಯ ಜಾಗದಲ್ಲಿ ಮೂರು ಅಡ್ಡಪಟ್ಟಿಯ ಶಿಲುಬೆ ಹಾಕುತ್ತಿದ್ದರು, ಇಗರ್ಜಿಯ ಮೇಲಿರುವಂಥದ್ದು. ಕೆಳಗಿನ ಪಟ್ಟಿ ಎಡಕ್ಕೆ ಏರಿ ಬಲಕ್ಕೆ ಇಳಿಯಬೇಕು. ಒನುಫ್ರಿ ಎಡಚ. ಅವನ ಕೈಯಲ್ಲಿ ಆ ಪಟ್ಟಿ ಯಾವಾಗಲೂ ಉಲ್ಟಾ ಇಳಿಯುತ್ತಿತ್ತು. ಮದುವೆಯ ದಿನ ಪಾದ್ರಿ ಅದಕ್ಕೇ ಎಲ್ಲರೆದುರು ಅವನ ಕಿವಿ ಹಿಂಡಿದ್ದ: "ಯೇಸುಸ್ವಾಮೀನ ತಿರುಗಾಮುರುಗಾ ನೇತಾಕ್ತೀಯೇನೋ ಕತ್ತೆ?"

ಪುಸ್ತಕದಲ್ಲಿ ಪಟ್ಟಿ ಉಲ್ಟಾ ಇಳಿದಿತ್ತು.

ಹೆಂಡತಿಯಿಲ್ಲ ಎಂದು ಅವನು ಯಾಕೆ ಬರೆಸಿದನೆಂದು ತೆಕ್ಲಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೊಲ ಎಲ್ಲಿದೆಯೆಂದು ತಿಳಿದರೆ ಇವರು ಅಲ್ಲಿಗೂ ಬಂದು ಅವಳನ್ನೂ ಮಕ್ಕಳನ್ನೂ ಎಬ್ಬಿಸಿಯಾರೆಂದು ಹೆದರಿದ್ದ. ಅವನನ್ನು ಉಳಿಸಲು ಅವಳು ಅವನನ್ನು ಸಾಯಿಸಿದ್ದಳು. ಅವಳನ್ನು ಉಳಿಸಲು ಅವನು ಅವಳು ಹುಟ್ಟೇ ಇಲ್ಲವೆನಿಸಿದ್ದ. ಇಬ್ಬರ ಸುಳ್ಳನ್ನೂ ಸರ್ಕಾರ ಚಿನ್ನದ ಹಾಗೆ ಜೋಪಾನ ಮಾಡಿಟ್ಟಿತ್ತು.

"ಇವ್ನೇ ಕಣಣ್ಣ. ಇದು ಅವನ ಎಡಗೈ. ಆ ಕೊನೇಲಿ ಏನೋ ಬರ್ದೈತಲ್ಲ, ಅದೇನು?"

ಕೊನೆಯ ಕಾಲಂನಲ್ಲಿ ಬೇರೆ ಶಾಯಿಯಲ್ಲಿ ಎರಡು ಸಾಲಿತ್ತು. ಸಾಹೇಬ ಪುಸ್ತಕ ಮುಚ್ಚಿದ.

"ಅದನ್ನ ಸಂಬಂದಿಕರಿಗೆ ಮಾತ್ರ ಹೇಳಾದಂತೆ."

"ನಾನ್ ಹೆಂಡ್ತಿ."

"ಅವನಿಗೆ ಹೆಂಡ್ತಿ ಇಲ್ಲ ಅಂತೈತೆ. ನಿಂಗೆ ಗಂಡ ಇಲ್ಲ ಅಂತೈತೆ. ಸಾಯೇಬ್ರು ಏನ್ ಮಾಡ್ತಾರೆ?"

"ಜಖಾರಣ್ಣ," ಎಂದಳು ತೆಕ್ಲಾ. ದನಿ ಏರಿಸಲಿಲ್ಲ. "ಅವತ್ತು ನೀನು ಬೂಟ್ ನೋಡಿದ್ದೆ. ಕೆಸರು ಹಸಿ ಇತ್ತು. ಸಾಯೇಬ್ರಿಗೆ ಅಷ್ಟೇ ಹೇಳು. ಅವನಿಗೆ ಬತ್ತಿ ಹಚ್ಬೇಕೋ, ರೊಟ್ಟಿ ಎತ್ತಿಡ್ಬೇಕೋ, ಅದೊಂದ್ ಗೊತ್ತಾದ್ರೆ ಸಾಕು. ನಿನ್ ಕಾಲ್ ಹಿಡ್ಕತೀನಿ."

ಜಖಾರನ ಕತ್ತು ಕಾಲರಿನೊಳಗೆ ಕೆಂಪಗಾಯಿತು. ಗಣತಿ ಸತ್ಯವೆಂದು ಬೈಬಲ್ ಮುಟ್ಟಿ ಪ್ರಮಾಣ ಮಾಡಿದ ಕೈ ಅವನದು. ಬರುವ ಜೂನ್ ಗಣತಿಗೂ ಅವನ ಹೆಸರೇ ಹೋಗಿತ್ತು.

ಸಾಹೇಬ ಏನೋ ಕೇಳಿದ. ಜಖಾರ್ ಎರಡೇ ಮಾತಿನಲ್ಲಿ ಉತ್ತರಿಸಿದ. ಅದರಲ್ಲಿ ಒಂದು ಅವಳಿಗೆ ಗೊತ್ತಿತ್ತು. ಪ್ರಾರ್ಥನೆ. ಬೂಟಿನ ಮಾತು ನುಂಗಿ, ಅವಳು ದೇವರ ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದಿದ್ದ.

ಸಾಹೇಬ ತಲೆಯಾಡಿಸಿ ಬಾಗಿಲು ತೋರಿಸಿದ.

*

ಜೂನ್ ತಿಂಗಳಲ್ಲಿ ಜಖಾರ್ ಕುದುರೆಗಾಡಿಯಲ್ಲಿ ಬಂದ. ಉದ್ದನೆಯ ಹಾಳೆಗಳು, ಶಾಯಿಕುಡಿಕೆ, ಹೊಸ ಟೋಪಿ. ತೆಕ್ಲಾ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಕೈ ತೊಳೆಯದೆ ಒಳಗೆ ಬಂದು, ಬೆಂಚಿನ ಕೆಳಗಿನಿಂದ ಒನುಫ್ರಿಯ ಬೂಟುಗಳನ್ನು ತೆಗೆದು ಮೇಜಿನ ಮೇಲೆ, ಅವನ ಹಾಳೆಗಳ ಪಕ್ಕದಲ್ಲೇ ಇಟ್ಟಳು. ಹಿಡಿದೊಯ್ದ ದಿನ ಅವನು ಬರಿಗಾಲಲ್ಲಿದ್ದ. ಐದು ವರ್ಷವೂ ಅವಕ್ಕೆ ಕೊಬ್ಬು ಸವರಿ ಮೆತ್ತಗಿಟ್ಟಿದ್ದಳು.

"ಬರಿ. ಒನುಫ್ರಿ, ಯಜಮಾನ, ಮೂವತ್ತೆಂಟು ವರ್ಷ."

"ಇಲ್ದೋನ್ನ ಹೆಂಗಮ್ಮ ಬರೀಲಿ?"

"ಇದ್ದೋನ್ನ ಇಲ್ಲ ಅಂತ ಬರ್ದಿದ್ಯಲ್ಲ, ಹಂಗೇ."

"ನೋಡು ತೆಕ್ಲಾ, ನಂಗೂ ಹೆಂಡ್ತಿ ಮಕ್ಳವ್ರೆ. ಮನೇಲಿ ಮಲ್ಗೋರ್ನ ಮಾತ್ರ ಎಣಿಸಾದು. ನೀನೇ ಯಜಮಾನಿ. ಗಂಡ ಸತ್ತೋನು. ಆಯ್ತು."

ಅವನು ಬರೆದ. ಲೇಖನಿ ಕೆರೆಯುವುದನ್ನು ಅವಳು ನೋಡುತ್ತ ನಿಂತಳು. ಅವಳ ಹೆಸರಾಯಿತು, ಮಕ್ಕಳ ಹೆಸರಾಯಿತು. ಅವನು ಲೇಖನಿ ಕೆಳಗಿಟ್ಟು ಶಾಯಿ ಹೀರುವ ಒತ್ತುಕಾಗದ ಹುಡುಕಲು ಚೀಲಕ್ಕೆ ಕೈಹಾಕಿದಾಗ, ತೆಕ್ಲಾ ಲೇಖನಿ ಎತ್ತಿಕೊಂಡಳು.

ಅವಳು ಬಲಗೈಯವಳು. ಎತ್ತಿಕೊಂಡದ್ದು ಎಡಗೈಯಲ್ಲಿ. ಶಾಯಿಯಲ್ಲಿ ಅದ್ದಿ, ಮಕ್ಕಳ ಹೆಸರಿನ ಕೆಳಗಿನ ಖಾಲಿ ಸಾಲಿನಲ್ಲಿ ಒಂದು ಉದ್ದಗೆರೆ ಎಳೆದಳು. ಅಡ್ಡಕ್ಕೆ ಎರಡು. ಆಮೇಲೆ ಮೂರನೆಯದನ್ನು, ಒನುಫ್ರಿ ಹಾಕಿ ಪಾದ್ರಿಯಿಂದ ಕಿವಿ ಹಿಂಡಿಸಿಕೊಂಡ ಹಾಗೆಯೇ, ಉಲ್ಟಾ ಇಳಿಸಿದಳು. ಸುಣ್ಣದ ಬೆರಳುಗಳು ಹಾಳೆಯ ಮೇಲೆ ಬಿಳಿಯಾಗಿ ಮೂಡಿದವು.

"ಹಾಳ್ ಮುಂಡೆ, ಸರ್ಕಾರದ ಹಾಳೆ ಕಣೇ ಅದು," ಎಂದು ಜಖಾರ್ ಕಿತ್ತುಕೊಂಡ. "ನಂಬರ್ ಹಾಕಿ ಎಣಿಸ್ ಕೊಟ್ಟವ್ರೆ. ಹರಿದ್ ಬಿಸಾಕಂಗೂ ಇಲ್ಲ."

"ಬಿಸಾಕ್ಬ್ಯಾಡ. ತಗಂಡೋಗು. ಎಲ್ಲಿಗ್ ಹೋಯ್ತದೋ ಅಲ್ಲಿಗೆ ಹೋಗ್ಲಿ."

ಅವನು ಶಿಲುಬೆಯ ಮೇಲೆ ಅಡ್ಡ ಗೀಟೆಳೆದ. ಗೀಟು ತೆಳುವಾಗಿ ಬಂತು, ಶಿಲುಬೆ ಅದರ ಕೆಳಗೆ ದಪ್ಪಗೇ ಉಳಿಯಿತು. ಹಾಳೆ ಸುತ್ತಿಕೊಂಡು ಎದ್ದ. ಅವಳು ಗಾಡಿಯವರೆಗೂ ಹಿಂದೆಯೇ ಹೋದಳು.

"ಜಖಾರಣ್ಣ, ಆವತ್ತು ನೀನು ಮೇಜಿನ್ ಪಕ್ಕದಲ್ಲಿದ್ದೆ. ಓದಾಕೆ ಬತ್ತದೆ ನಿಂಗೆ. ಕೊನೇಲಿ ಏನಿತ್ತು?"

"ನಾನ್ ನೋಡ್ನಿಲ್ಲ," ಎಂದ ಜಖಾರ್, ಕುದುರೆಯ ಕಡೆ ತಿರುಗಿ.

ನೋಡಿರಲಿಲ್ಲವೋ, ನೋಡಿಯೂ ಹೇಳಲಿಲ್ಲವೋ. ಗಾಡಿ ಹೋಯಿತು. ತೆಕ್ಲಾ ಒಳಗೆ ಬಂದು ಬೂಟುಗಳನ್ನು ಬೆಂಚಿನ ಕೆಳಗಿಟ್ಟಳು. ದೊಡ್ಡ ಮಗಳು ಊಟಕ್ಕೆ ಬಟ್ಟಲುಗಳನ್ನಿಟ್ಟು, ಅಪ್ಪನದಾದ ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಅವ್ವನ ಮುಖ ನೋಡಿದಳು. ದೇವರ ಪಟದ ಕೆಳಗೆ ಐದು ವರ್ಷದ ಹಿಂದೆ ಅರ್ಧ ಉರಿಸಿ ಆರಿಸಿದ ಬತ್ತಿ ಹಾಗೇ ಇತ್ತು. ತೆಕ್ಲಾ ಬತ್ತಿ ನೋಡಿದಳು, ಬಟ್ಟಲು ನೋಡಿದಳು. ಮಗಳು ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು.