ಒಂದೆಲೆ ಕೊಡಕ್ಕ

ದುರುಗಮ್ಮನಿಗೆ ನ್ಯಾಮತಿಯ ಸ್ವಂತ ಮನೆಯೇ ಜೈಲಾಗಿತ್ತು. ತಮ್ಮ ನಾಗೇಂದ್ರಪ್ಪ ಕೊಟ್ಟ ಕಾಂಡಕೋಶಗಳನ್ನು ಡಾಕ್ಟರು ಅವಳ ಮೈಗೆ ಸೇರಿಸಿದ್ದರು. ಅವು ರಕ್ತ ತಯಾರಿಸುವುದನ್ನು ಪೂರ್ತಿ ಕಲಿಯುವ ತನಕ ಕಂಡವರ ರಕ್ತ ಏರಿಸುತ್ತಿರಬೇಕು, ಸೋಂಕು ತಗುಲದ ಹಾಗೆ ಒಂದೇ ಕೋಣೆಯಲ್ಲಿರಬೇಕು. ಎಮ್ಮೆಯನ್ನಾದರೂ ಸಂಜೆಗೆ ಹಗ್ಗ ಬಿಚ್ಚಿ ನೀರಿಗೆ ಬಿಡುತ್ತಾರೆ, ತನ್ನನ್ನು ಅದಕ್ಕೂ ಬಿಡುವುದಿಲ್ಲ ಎಂದು ಅವಳಿಗೆ ಸಿಟ್ಟು.

ಎಲೆಅಡಿಕೆಗೂ ಕತ್ತರಿ ಬಿದ್ದಿತ್ತು. ಅದನ್ನು ಕೇಳಿದ ನಾಗೇಂದ್ರಪ್ಪ, "ನೀನು ಹಾಕೋ ತನಕ ನಾನೂ ಹಾಕಲ್ಲ ಬಿಡಕ್ಕ" ಎಂದು ತನ್ನ ಸಂಚಿಯನ್ನೂ ಅಟ್ಟಕ್ಕೆ ಎಸೆದಿದ್ದ. ಪಕ್ಕದ ಮನೆಯಲ್ಲೇ ಇರುವ ಈ ತಮ್ಮ ಹುಟ್ಟಿದಾಗಿನಿಂದ ಮೊಂಡ.

ಮಗಳು ಕಾವ್ಯಶ್ರೀ ನಾಳೆ ಜಗಳೂರಿನಿಂದ ಕೂಸನ್ನು ಕರೆತರುವವಳಿದ್ದಳು. ದುರುಗಮ್ಮ ಮೊಮ್ಮಗನನ್ನು ಇನ್ನೂ ನೋಡಿರಲಿಲ್ಲ. ಕಿಟಕಿಯ ಆಚೆಯಿಂದ ತೋರಿಸಿದರೂ ಸಾಕೆಂದು ಕುಲಾವಿ ಹೊಲಿದಿಟ್ಟಿದ್ದಳು. ಆದರೆ ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ನೀರು ಕೆಂಪಾಗಿತ್ತು. ಒಸಡಲ್ಲಿ ರಕ್ತ ಕಂಡರೆ ಪ್ಲೇಟ್‌ಲೆಟ್ ಇಳಿದಿದೆ, ಕೂಡಲೇ ಬನ್ನಿ ಎಂದಿದ್ದರು ಡಾಕ್ಟರು. ಹೋದರೆ ಮತ್ತೆ ಆ ಮಂಚ, ಆ ಚೀಲ. ಯಾವಾಗ ಬಿಟ್ಟಾರೋ ದೇವರಿಗೇ ಗೊತ್ತು. ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಆಯಿತೆಂದುಕೊಂಡಳು.

ಮಧ್ಯಾಹ್ನ ಬಾಗಿಲಲ್ಲಿ ನಿಂತ ನಾಗೇಂದ್ರಪ್ಪ ಏನೋ ತಮಾಷೆ ಮಾಡಿದ. ಅವಳು ಮರೆತು ನಕ್ಕುಬಿಟ್ಟಳು.

"ಬಾಯಿ ಯಾಕಕ್ಕ ಕೆಂಪಗೈತೆ?"

"ಎಲೆ ಹಾಕ್ಕಂಡಿದೀನಿ ಕಣೋ. ಆಸೆ ಆತು."

ಬೈಯುತ್ತಾನೆಂದು ಅವಳು ಕಾದಳು. ಬೈಗುಳ ಆಸ್ಪತ್ರೆಗಿಂತ ವಾಸಿ. ಅವನ ಮುಖವೋ ಅರಳಿಬಿಟ್ಟಿತು.

"ಬಾಯಿಗೆ ರುಚಿ ಬಂತು ಅಂದ್ರೆ ನನ್ನ ಕಾಂಡಕೋಶ ಕೆಲಸ ಹಿಡೀತು ಅಂತ ಲೆಕ್ಕ. ಡಾಕ್ಟ್ರಿಗೆ ಹೇಳಾಕೆ ಹೋಗಲ್ಲ. ನಂಗೂ ಒಂದೆಲೆ ಕೊಡಕ್ಕ." ಅಂಗೈ ಚಾಚಿದ.

ಕೇಳಿದವರಿಗೆ ಎಲೆ ಇಲ್ಲವೆಂದು ದುರುಗಮ್ಮ ಜನ್ಮದಲ್ಲಿ ಹೇಳಿದವಳಲ್ಲ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಸಂಚಿ ಇರಲಿಲ್ಲ. ತಮ್ಮ ಇನ್ನೂ ನಗುತ್ತಲೇ ಇದ್ದ, ಆ ನಗುವನ್ನು ನೋಡಲಾಗಲಿಲ್ಲ ಅವಳಿಗೆ.

"ಎಲೆ ಇಲ್ಲ ಕಣಪ್ಪ," ಎಂದಳು.

"ಮತ್ತೆ?"

ಅವಳು ಬಾಯಿ ತೆರೆದು ತೋರಿಸಿದಳು.

ಅವನು ಹೊಸ್ತಿಲಲ್ಲೇ ಕೂತು ಆಸ್ಪತ್ರೆಗೆ ಹೋಗಲು ಕಾರಿನವನಿಗೆ ಫೋನ್ ಮಾಡಿದ. ಆಮೇಲೆ ಕಾವ್ಯಶ್ರೀಗೆ. "ನಾಳೆ ಬರಬ್ಯಾಡವ್ವ," ಎಂದಷ್ಟೇ ಹೇಳಿ ಇಟ್ಟ.

"ನನ್ನ ರಕ್ತಕ್ಕೆ ಯಾಕಕ್ಕ ಇಷ್ಟು ಸೋಂಬೇರಿತನ?" ಎಂದ, ಅವಳ ಕಡೆ ನೋಡದೆ.

"ನಿಂದಲ್ವಾ, ಮೊಂಡು ಮಾಡ್ತೈತೆ," ಎಂದು ದುರುಗಮ್ಮ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿದಳು. ಕುಲಾವಿಯನ್ನೂ ಹಾಕಿದಳು. ಮತ್ತೆ ತೆಗೆದು, ಕೂಸು ಬಂದಾಗ ಸಿಗಲೆಂದು ಕಿಟಕಿಯ ಸರಳಿಗೆ ಕಟ್ಟಿದಳು.