ಒಂದೇ ಸ್ವರ, ಮೂರು ಗುರುತು

ಸಿಂಗಾಪುರದಲ್ಲಿ ಜಪಾನಿ ದಂತವೈದ್ಯನೊಬ್ಬನಿಗೆ ಹನ್ನೊಂದು ವರ್ಷ ಅನ್ನ ಬೇಯಿಸಿದ ಹರಿನಾಥ ೧೯೩೮ರಲ್ಲಿ ಪುತ್ತಿಗೆಗೆ ಮರಳುವಾಗ ತಂದದ್ದು ಒಂದು ಕೊಳಲು, ಅದರ ಸ್ವರಗಳನ್ನು ಗುರುತು ಹಾಕಿದ ಒಂದು ಹಾಳೆ. ಕೊಳಲೆಂದರೆ ಸಾಮಾನ್ಯದ್ದಲ್ಲ, ಜಪಾನಿನ ಬಿದಿರು ಕೊಳಲು ಶಾಕುಹಾಚಿ. ಬುಡದ ಗಂಟು ಆನೆಯ ಮೊಣಕಾಲಿನಷ್ಟು. ನೇರ ಹಿಡಿದು ತುದಿಯಲ್ಲಿ ಊದಬೇಕು. ತೂತು ಐದೇ, ಅದರಲ್ಲಿ ಅವನು ಐನೂರು ಸ್ವರ ತೆಗೆಯುತ್ತಿದ್ದ. ಎಣಿಸಲು ಕೂತವರು ನಾನೂರಕ್ಕೇ ಸುಸ್ತಾಗಿ ಊಟಕ್ಕೆದ್ದರು.

ಹಾರ್ಮೋನಿಯಂ ಮಾಸ್ತರ ಮಹೇಶ್ವರನಿಗೆ ಆ ಹಾಳೆಯ ಮೇಲೆ ಸಿಟ್ಟು. ಅದರಲ್ಲಿ ಗಾಳದಂಥದ್ದೊಂದು, ನೊಗದಂಥದ್ದೊಂದು, ಟೋಪಿಯಿಟ್ಟ ಬಾಲದಂಥದ್ದೊಂದು ಗುರುತು. ಮೂರಕ್ಕೂ ಸ್ವರ ಒಂದೇ, ಬೆರಳಿಡುವ ಕ್ರಮ ಮಾತ್ರ ಬೇರೆಯಂತೆ.

"ನನ್ನ ಪೆಟ್ಟಿಗೆಯಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ನಿನಗೆ ಇನ್ನೆರಡು ಎಂತಕ್ಕೆ ಮಾರಾಯ, ಬಾಡಿಗೆಗೆ ಕೊಡಲಿಕ್ಕಾ?"

ಹರಿನಾಥನ ಕಿವಿ ಬಿಸಿಯಾಯಿತು. ಗೋಡೆಯಾಚೆ ಕೂತು ಕೇಳಿದವರು ಮೂರನ್ನೂ ಬೇರೆಬೇರೆಯಾಗಿ ಗುರುತಿಸದಿದ್ದರೆ ಕೊಳಲನ್ನು ಭತ್ತ ಬೇಯಿಸುವ ಒಲೆಗೆ ಇಡುತ್ತೇನೆಂದು ಪಂಥ ಕಟ್ಟಿಯೇಬಿಟ್ಟ. ಕಟ್ಟಿದ ಮೇಲೆ ನೆನಪಾಯಿತು. ಆ ಭೇದ ಅವನ ಕಿವಿಗೇ ಹತ್ತಲು ಮೂರು ವರ್ಷ ಹಿಡಿದಿತ್ತು.

ಗದ್ದೆಯಿಂದ ಕಿನ್ನಿಯನ್ನು ಕರೆತಂದರು. ಭತ್ತದ ನೇಜಿ ನೆಡುವಾಗ ಪಾಡ್ದನದ ಹಾಡಿಗೆ ಮೊದಲು ದನಿಯೆತ್ತುವವಳು ಅವಳು. ಅವಳು ಎತ್ತಿದರೆ ಕುಂಬಳೆ ಕಡಲಿನ ಮೀನುಗಳೂ ಸಾಲು ಹಿಡಿಯುತ್ತಿದ್ದವು. ಕೆಸರುಗಾಲಲ್ಲೇ ಶಾಲೆಯ ಗೋಡೆಯ ಹಿಂದೆ ಕೂತಳು.

ಹರಿನಾಥ ಮೊದಲು ಮೂರನ್ನೂ ಒಂದೊಂದು ಸಲ ಊದಿ ತೋರಿಸಿದ. ಗಾಳಕ್ಕೆ ಗದ್ದ ಎತ್ತಿದ, ನೊಗಕ್ಕೆ ಇಳಿಸಿದ, ಟೋಪಿಗೆ ಗದ್ದವನ್ನು ಎದೆಗೇ ತಾಗಿಸಿದ.

"ಮೊದಲಿನದ್ದು ಬದುವಿನ ಮೇಲೆ ನಿಂತು ಕರೆದ ಹಾಗೆ ಉಂಟು," ಎಂದಳು ಕಿನ್ನಿ. "ಎರಡನೆಯದ್ದು ಸೆರಗು ಬಾಯಿಗಿಟ್ಟು ಹೇಳಿದ್ದು. ಮೂರನೆಯದ್ದು ಹೇಳಬೇಕೆಂದು ಬಂದು ಹೇಳದೆ ಹೋದದ್ದು."

ಮಹೇಶ್ವರ ಒಪ್ಪಲಿಲ್ಲ. ತನಗೆ ತೋಚಿದ ಗುರುತಿನ ಮೇಲೆ ಬೆರಳಿಡುತ್ತ ಹೋದ, ಹರಿನಾಥ ಊದುತ್ತ ಹೋದ. ಬದು, ಸೆರಗು, ಸೆರಗು, ಹೇಳದ್ದು, ಬದು. ನಲವತ್ತು ಸಲ ಕೇಳಿದರೂ ಕಿನ್ನಿ ಒಮ್ಮೆಯೂ ತಪ್ಪಲಿಲ್ಲ. ನಡುವೆ ಮೋಸಕ್ಕೆಂದು ಮಾಸ್ತರ ಹಾರ್ಮೋನಿಯಂನಲ್ಲಿ ಅದೇ ಸ್ವರ ಒತ್ತಿದ. ಅದು ಯಾರೂ ಅಲ್ಲ, ಪೆಟ್ಟಿಗೆ ಎಂದಳು.

ಮಹೇಶ್ವರ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಬಹಳ ಹೊತ್ತು ನೋಡಿದ. ಆಮೇಲೆ ದನಿ ತಗ್ಗಿಸಿ, ಆ ಟೋಪಿಯದ್ದಕ್ಕೆ ಯಾವ ಬೆರಳೆಂದು ಕೇಳಿದ.

ಹರಿನಾಥ ಕೊಳಲನ್ನೇ ಕೊಟ್ಟ. ಮಾಸ್ತರ ಗದ್ದ ಎದೆಗೊತ್ತಿ, ಕಣ್ಣು ಹೊರಬರುವಂತೆ ಊದಿದ. ಬರೀ ಗಾಳಿ ಹೊರಟಿತು.

ಗೋಡೆಯಾಚೆಯಿಂದ ಕಿನ್ನಿ ಕೇಳಿದಳು: "ಇದು ನಾಲ್ಕನೆಯದ್ದಾ?"