ಉಳಿದವರ ಪೂಜೆ

ಇಡೀ ಓಣಿಯಲ್ಲಿ ಭೂಕಂಪಕ್ಕೆ ಬೀಳದೆ ನಿಂತದ್ದು ಅಡಿವೆಪ್ಪ ಶೆಟ್ಟರ ಮನೆಯೊಂದೇ. ಸುತ್ತಲಿನ ಮಣ್ಣಿನ ಮಾಳಿಗೆಗಳೆಲ್ಲ ಕುಸಿದು ದಿಬ್ಬಗಳಾಗಿದ್ದವು. ಅವುಗಳ ನಡುವೆ ಆ ಗಾರೆಯ ಮನೆ, ಮೊದಲ ಪಂಕ್ತಿಯಲ್ಲೇ ಉಂಡೆದ್ದ ಯಜಮಾನನಂತೆ, ಗತ್ತಿನಲ್ಲಿ ನಿಂತಿತ್ತು.

ನನ್ನ ತಮ್ಮ ಫಕೀರಪ್ಪನನ್ನು ಮಣ್ಣಿನಿಂದ ತೆಗೆದು ಮತ್ತೆ ಮಣ್ಣಿಗೇ ಒಪ್ಪಿಸಿ ಬಂದ ಸಂಜೆ ಶೆಟ್ಟರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಏನ್ ಮಾಡೂದಪಾ, ಅವರವರು ಪಡಕೊಂಡು ಬಂದದ್ದು. ನಮ್ಮ ಹಿರ್ಯಾರ ಪುಣ್ಯಾ ದೊಡ್ಡದು, ನಮ್ಮನಿ ಉಳೀತು."

ನಾನು ಆ ಕೈಯನ್ನು ಕೊಡವಿದೆ. ಅವರ ಮನೆಯನ್ನು ಹಿಡಿದು ನಿಲ್ಲಿಸಿದ್ದು ಗಟ್ಟಿ ಕಲ್ಲು, ಒಳ್ಳೆಯ ಸುಣ್ಣ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೇಳುವವರಿರಲಿಲ್ಲ. ಎಲ್ಲರ ಗಂಜಿಯೂ ಅವರ ಅಂಗಳದಲ್ಲೇ ಬೇಯುತ್ತಿತ್ತಲ್ಲ.

ಉಳಿದವರೆಲ್ಲ ಹತ್ತಿ ಪೇಟೆಯ ತಗಡಿನ ಶೆಡ್ಡುಗಳಲ್ಲಿ ಸೇರಿಕೊಂಡಿದ್ದೆವು. ಅಲ್ಲಿ ಹೊತ್ತು ಹೋಗುತ್ತಿದ್ದುದೇ ದೇವರ ಕೃಪೆಯ ಮಾತಿನಲ್ಲಿ. ಒಬ್ಬ ಬೀಗರ ಊರಿಗೆ ಹೋಗಿ ಉಳಿದನಂತೆ, ಅದು ಕೃಪೆ. ಇನ್ನೊಬ್ಬಳನ್ನು ಮನೆದೇವರು ಅಂಗಳಕ್ಕೆ ಕರೆಯಿತಂತೆ. "ಆ ದೇವ್ರು ಬಾಜೂ ಮನಿ ಬಾಣಂತೀನ ಯಾಕ ಕರೀಲಿಲ್ಲ?" ಎಂದು ಕೇಳಿದೆ. ಅಂದಿನಿಂದ ನನ್ನ ಬಳಿ ಯಾರೂ ಕೂರುತ್ತಿರಲಿಲ್ಲ. ನನಗೂ ಅದೇ ಬೇಕಾಗಿತ್ತು. ಸತ್ತವರ ಲೆಕ್ಕ ಬಿಟ್ಟು ತಮ್ಮ ಜೀವದ ಹೆಚ್ಚುಗಾರಿಕೆ ಹಾಡಿಕೊಳ್ಳುವ ಆ ಜನರನ್ನು ಕಂಡರೆ ನನಗೆ ಹೇಸಿಕೆಯಾಗುತ್ತಿತ್ತು.

ಶೆಟ್ಟರು ಒಂದು ದೊಡ್ಡ ಪೂಜೆ ಇಟ್ಟುಕೊಂಡರು. ಪಟ್ಟಣದಿಂದ ಗಣ್ಯರು ಬರುವವರಿದ್ದರು. ಅವರಿಗೆ ತೋರಿಸಲು ಒಂದು ಪವಾಡ ಬೇಕಿತ್ತು. ಸಿಕ್ಕವಳು ದ್ಯಾಮವ್ವ. ಊರು ಅವಳ ಆಸೆ ಬಿಟ್ಟ ಮೇಲೆ ನೆರೆಯೂರಿನವರು ಬಂದು ಅವಳನ್ನು ಮಣ್ಣಿನಡಿಯಿಂದ ಜೀವಂತ ಹೊರಗೆಳೆದು, ತಮ್ಮ ಪಾಡಿಗೆ ಹೊರಟುಹೋಗಿದ್ದರು. ಶೆಟ್ಟರು ಅವಳಿಗೆ ಹೊಸ ಸೀರೆ ಉಡಿಸಿ, ತಮ್ಮ ಮನೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂರಿಸಿದರು. ಅವಳು ಕೈ ಮುಗಿದುಕೊಂಡು ಕೂತಿದ್ದಳು. ಇವಳೂ ಅವರ ಪೈಕಿಯೇ ಎಂದುಕೊಂಡು ನಾನು ಮುಖ ತಿರುಗಿಸಿದೆ.

ಶೆಟ್ಟರು ಗಣ್ಯರತ್ತ ಒಮ್ಮೆ ನೋಡಿ ಅವಳನ್ನು ಕೇಳಿದರು: "ಹೇಳವ್ವಾ, ನಿನ್ನ ಉಳಿಸಿದವರು ಯಾರು?"

"ಶಂಕ್ರವ್ವ," ಎಂದಳು ದ್ಯಾಮವ್ವ.

ಜನ ಮುಖ ಮುಖ ನೋಡಿಕೊಂಡರು. ಶಂಕ್ರವ್ವ ಸತ್ತಿದ್ದಳು. ಅವಳದೂ ದ್ಯಾಮವ್ವನದೂ ಒಂದೇ ಗೋಡೆಯ ಮನೆಗಳು. ಬಚ್ಚಲ ನೀರಿಗಾಗಿ ಜಗಳವಾಡಿ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

"ಮಣ್ಣಾಗ ಸಿಕ್ಕೊಂಡಾಗ ನನಗ ನಿದ್ದಿ ಎಳೀತಿತ್ತು," ದ್ಯಾಮವ್ವ ನಿಧಾನವಾಗಿ ಹೇಳಿದಳು. "ಆಕಿ ಆ ಕಡಿಂದ ಬೈಯಾಕ ಹತ್ತಿದ್ಲು. ಹೊಲಸು ಹೊಲಸು ಬೈಗುಳ. ಸಿಟ್ಟು ಬಂದು ನಾನೂ ಬೈದೆ. ಹಂಗಽ ಎಚ್ಚರಿದ್ದೆ. ಮಂದಿ ಬಂದಾಗ ಮೊದಲು ಕೇಳಿದ್ದು ಆಕೀ ದನೀನಽ. 'ನನಗ ಜಾಗಾ ಐತಿ, ಆರಾಮ ಅದೀನಿ, ಮೊದಲ ಆಕೀನ್ನ ತಗೀರಿ' ಅಂದ್ಲು. ನನ್ನ ತಗದು ಅಲ್ಲಿ ಹೋಗೂದ್ರಾಗ ಆಕಿ ಇರಲಿಲ್ಲ. ತೊಲಿ ಎದಿ ಮ್ಯಾಲಽ ಬಿದ್ದಿತ್ತಂತ. ಜಾಗಾ ಎಲ್ಲಿತ್ತು?"

ಗಣ್ಯರಲ್ಲೊಬ್ಬರು ಗಡಿಯಾರ ನೋಡಿಕೊಂಡರು. ಶೆಟ್ಟರು ಗಂಟಲು ಸರಿಪಡಿಸಿಕೊಂಡು, "ಅದೂ ದೇವರ ಲೀಲಾನಽ ಅಲ್ಲೇನವ್ವಾ. ನಿನ್ನ ಪುಣ್ಯಾ," ಎಂದರು.

"ದೇವರಿಗೂ ಕೈ ಮುಗೀತೀನ್ರಿ. ಅಂಥಾಕೀನ್ನ ನನ್ನ ಬಾಜೂಕ ಇಟ್ಟಿದ್ದಕ್ಕ. ನನ್ನ ಪುಣ್ಯಾ ಅನಬ್ಯಾಡ್ರಿ. ಹಂಗಂದ್ರ ಆಕಿ ಪಾಪಿ ಅಂದಂಗಾತು."

ಶೆಟ್ಟರು ಆರತಿಗೆ ಸನ್ನೆ ಮಾಡಿದರು. ಗಂಟೆ ಜೋರಾಗಿ ಮೊಳಗಿತು. ಮರುದಿನ ಶೆಡ್ಡಿನಲ್ಲಿ ಮಾತೆಲ್ಲ ಪೂಜೆಯ ಪ್ರಸಾದಕ್ಕೆ ಮಾಡಿದ್ದ ಶಿರಾದ ತುಪ್ಪದ ಬಗ್ಗೆ. ಶಂಕ್ರವ್ವನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಆ ಜನರ ಬಗೆಗಿನ ನನ್ನ ತಿರಸ್ಕಾರ ಅಂದೂ ಕರಗಲಿಲ್ಲ, ಇಂದಿಗೂ ಕರಗಿಲ್ಲ.

ಆದರೆ ಫಕೀರಪ್ಪ ಪಾಪ ಮಾಡಿ ಸತ್ತವನಲ್ಲ ಎಂದು ನನ್ನೆದುರು ಮೊದಲು ಹೇಳಿದಂತಾದದ್ದು ದ್ಯಾಮವ್ವನ ಮಾತಿನಿಂದಲೇ. ಅವಳನ್ನು ಹುಡುಕಿಕೊಂಡು ಹೋದೆ. ಶೆಡ್ಡಿನ ಕೊನೆಯ ಮೂಲೆಯಲ್ಲಿ ಶಂಕ್ರವ್ವನ ಕುರುಡು ತಾಯಿ ಹೊನ್ನವ್ವನನ್ನು ಯಾರಿಗೂ ಬೇಡದ ಸಾಮಾನಿನಂತೆ ಬಿಟ್ಟಿದ್ದರು. ದ್ಯಾಮವ್ವ ಹೊಸ ಸೀರೆಯನ್ನು ಮುದುಕಿಗೆ ಹಾಸಿ, ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿ ತಟ್ಟುತ್ತಿದ್ದಳು. ಹಸಿ ಕಟ್ಟಿಗೆಯ ಹೊಗೆಗೆ ಇಬ್ಬರೂ ಕೆಮ್ಮುತ್ತಿದ್ದರು. ನಾನು ಹೋಗಿ, ನಮ್ಮ ಬಿದ್ದ ಮನೆಯ ಬಾಗಿಲನ್ನು ಒಡೆದು ಒಣಗಿದ ಚೂರುಗಳನ್ನು ತಂದು ಒಲೆಯ ಬಳಿ ಹಾಕಿದೆ.

ಮುದುಕಿ ರೊಟ್ಟಿ ಮುರಿದು ಬಾಯಿಗಿಟ್ಟು, "ಇಷ್ಟು ದಪ್ಪ ರೊಟ್ಟಿ ತಿಂದು ನಾ ಸಾಯ್ಲೇನ, ರಂಡೆ?" ಎಂದಳು.

ದ್ಯಾಮವ್ವ ತುಟಿಯಂಚಿನಲ್ಲಿ ನಕ್ಕು, ಹಿಟ್ಟನ್ನು ಮತ್ತೊಮ್ಮೆ ನಾದಿ, ಮುಂದಿನದನ್ನು ತೆಳ್ಳಗೆ ತಟ್ಟತೊಡಗಿದಳು.